ಬಾಡಿ, ಟೇಬಲ್, ಪ್ಲಾಸ್ಟಿಕ್ ಬುರುಡೆ: ಅನಾಟಮಿ ಕಲಿಸಲು ಯಾವುದು ವಾಸಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಾಡಿಗೆ. (ಮನೆ ಬಾಡಿಗೆ ಅಲ್ಲ, ಹೆಣ ಕತ್ತರಿಸಿ ದೇಹರಚನೆ ಕಲಿಯುವ ಡಿಸೆಕ್ಷನ್ ಹಾಲ್‌ನಲ್ಲಿ ಮಲಗಿರುವ ಬಾಡಿಗೆ.) ಆದರೆ ನಮ್ಮ ವಿಭಾಗಕ್ಕೆ ಡಿಜಿಟಲ್ ಡಿಸೆಕ್ಷನ್ ಟೇಬಲ್ ಬೇಕೇ ಬೇಕು ಅಂತ ಪುಟಗಟ್ಟಲೆ ಅರ್ಜಿ ಬರೆದವನೂ ನಾನೇ. ಎರಡು ವರ್ಷ ಅದರಲ್ಲಿ ಪಾಠ ಮಾಡಿದ್ದೇನೆ. ಅದಕ್ಕೆ ಮೊದಲು ಪ್ಲಾಸ್ಟಿಕ್ ಮಾಡೆಲ್, ಪ್ಲಾಸ್ಟಿನೇಷನ್ ಮಾಡಿದ (ನೀರಿನ ಬದಲು ಸಿಲಿಕೋನ್ ತುಂಬಿ ಕೆಡದಂತೆ ಮಾಡಿದ) ಅಂಗಗಳು, ಎಲ್ಲದರ ಜೊತೆಗೂ ಗುದ್ದಾಡಿದ್ದೇನೆ. ಅಷ್ಟು ಅರ್ಹತೆ ಸಾಕು ಅಂದುಕೊಂಡು ಬರೆಯುತ್ತಿದ್ದೇನೆ.

ಟೇಬಲ್ ಏನೇನು ಮಾಡುತ್ತದೆ ಅನ್ನುವುದನ್ನು ಮಾರುವವರೇ ಚೆನ್ನಾಗಿ ಹೇಳುತ್ತಾರೆ. ಆಳುದ್ದದ ಪರದೆ, ಬೆರಳು ಎಳೆದರೆ ಚರ್ಮ ಹೋಗುತ್ತದೆ, ಇನ್ನೊಮ್ಮೆ ಎಳೆದರೆ ಸ್ನಾಯು. ತಪ್ಪಾಗಿ ಲಿವರ್ ಕತ್ತರಿಸಿದರೆ 'ಅನ್‌ಡೂ' ಒತ್ತಿದರಾಯಿತು, ಮತ್ತೆ ಮೊದಲಿನ ಹಾಗೆ. ನೋಡಲು ಬಂದವರೆಲ್ಲ ಬೆರಗಾದರು. ನಾನೂ ಬೀಗಿದೆ.

ತೊಂದರೆ ಶುರುವಾದದ್ದು ಮೊದಲ ಬ್ಯಾಚ್ ಬಂದು ಸುತ್ತ ನಿಂತಾಗ. ಎಂಟು ಜನ, ಒಂದು ಪರದೆ. ಒಬ್ಬ ಹೃದಯ ತಿರುಗಿಸುತ್ತಿದ್ದಾನೆ. ಎದುರಿಗಿದ್ದವಳು 'ಇದೇನು ಸರ್' ಅಂತ ಮಹಾಧಮನಿಯ ಮೇಲೆ ಬೆರಳಿಟ್ಟಳು. ಎರಡು ಬೆರಳು ಬಿದ್ದ ತಕ್ಷಣ ಯಂತ್ರಕ್ಕೆ ಅದು ಝೂಮ್! ಹೃದಯ ಊದಿಕೊಂಡು ಪರದೆ ತುಂಬಿತು. ಸರಿ ಮಾಡಲು ಇನ್ನೊಬ್ಬ ಬಗ್ಗಿದ. ಅವನ ಕೋಟಿನ ತೋಳು ಅಂಚಿಗೆ ತಾಗಿ ಇಡೀ ದೇಹ ಬೋರಲಾಯಿತು. 'ಯಾರೂ ಮುಟ್ಟಬೇಡಿ!' ಅಂತ ನಾನು ಕೂಗಿದೆ. ಅನಾಟಮಿ ಕ್ಲಾಸಿನಲ್ಲಿ ಮೇಷ್ಟರು ಹೇಳುವ ಮಾತೇ ಇದು?

ಆಮೇಲೆ ಪಾಳಿ ಹಾಕಿದೆ. ಒಬ್ಬರಿಗೆ ಐದು ನಿಮಿಷ. ಉಳಿದ ಏಳು ಜನ ಕೈಕಟ್ಟಿ ನೋಡಬೇಕು. ಅವರಲ್ಲಿ ಅರ್ಧ ಜನರಿಗೆ ಚಿತ್ರ ತಲೆಕೆಳಗು, ಯಾಕೆಂದರೆ ಅವರು ನಿಂತಿರುವುದು ಆಚೆ ಬದಿಯಲ್ಲಿ. ಹತ್ತು ನಿಮಿಷ ಕಳೆದರೆ ಹಿಂದಿನವರ ಕೈಯಲ್ಲಿ ಮೊಬೈಲ್. ಬಾಡಿಯಲ್ಲಿ ಈ ಕಷ್ಟವೇ ಇಲ್ಲ. ಎರಡು ತೋಳು, ಎರಡು ಕಾಲು. ಒಂದೊಂದಕ್ಕೆ ಇಬ್ಬಿಬ್ಬರು ಅಂದರೂ ಎಂಟು ಜನರಿಗೂ ಕೆಲಸ ಇದೆ. ಗಂಟೆ ಮುಗಿಯುವ ಹೊತ್ತಿಗೆ ಎಲ್ಲರ ಗ್ಲೌಸ್‌ಗೂ ಕೊಬ್ಬು ಮೆತ್ತಿರುತ್ತದೆ. ನಿದ್ದೆ ಮಾಡಿದವನು ಯಾರು ಅಂತ ಗ್ಲೌಸ್ ನೋಡಿದರೆ ಗೊತ್ತಾಗುತ್ತದೆ!

ಒಂದು ದಿನ ಹೀಗೆ ಪಾಳಿಯ ಕ್ಲಾಸ್ ನಡೆಯುತ್ತಿತ್ತು. ನಾನು ಗೋಡೆಗೆ ಒರಗಿ ಹೆಸರು ಓದುತ್ತಿದ್ದೆ, ಒಬ್ಬ ಬೆರಳಾಡಿಸುತ್ತಿದ್ದ, ಇನ್ನೊಬ್ಬಳು ಪೆನ್ನಿನಲ್ಲಿ ತೋರಿಸುತ್ತಿದ್ದಳು, ಉಳಿದವರು ಸುಮ್ನೆ ನಿಂತಿದ್ದರು. ಈ ದೃಶ್ಯ ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಅನಾಟಮಿ ಇತಿಹಾಸದ ಪಾಠಕ್ಕೆ ನಾನೇ ತೋರಿಸುವ ಹಳೆಯ ಯುರೋಪಿನ ಚಿತ್ರ ಅದು. ಪ್ರೊಫೆಸರ್ ಎತ್ತರದ ಪೀಠದಲ್ಲಿ ಕುಳಿತು ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್ ಬರೆದದ್ದನ್ನು ಓದುತ್ತಾನೆ. ಕೆಳಗೆ ಕ್ಷೌರಿಕ ಕತ್ತರಿಸುತ್ತಾನೆ. ಮಧ್ಯೆ ಒಬ್ಬ ಕೋಲು ಹಿಡಿದು ತೋರಿಸುತ್ತಾನೆ. ವಿದ್ಯಾರ್ಥಿಗಳದ್ದು ನೋಡುವ ಕೆಲಸ ಮಾತ್ರ. ಗ್ಯಾಲೆನ್ ಕತ್ತರಿಸಿ ನೋಡಿದ್ದು ಮಂಗ, ಹಂದಿಯಂಥ ಪ್ರಾಣಿಗಳನ್ನು. ಹಾಗಾಗಿ ಮನುಷ್ಯನ ಕೆಳದವಡೆಯಲ್ಲಿ ಎರಡು ಮೂಳೆ ಅಂತ ಬರೆದ. ಸಾವಿರ ವರ್ಷಕ್ಕೂ ಜಾಸ್ತಿ ಅದೇ ನಡೆಯಿತು. ಇಟಲಿಯ ಪಡುವಾದಲ್ಲಿ ಅನಾಟಮಿ ಕಲಿಸುತ್ತಿದ್ದ ವೆಸಾಲಿಯಸ್ ಪೀಠದಿಂದ ಇಳಿದು ತಾನೇ ಚಾಕು ಹಿಡಿದ. 1543ರಲ್ಲಿ ತನ್ನ ದೊಡ್ಡ ಗ್ರಂಥ ಅಚ್ಚು ಹಾಕಿಸಿದಾಗ ಅವನಿಗೆ 28 ವರ್ಷ. ದವಡೆಯಲ್ಲಿ ಇರುವುದು ಒಂದೇ ಮೂಳೆ ಅಂತ ಅದರಲ್ಲಿ ಬರೆದ. ನಾನು ಅಷ್ಟೊಂದು ಹಣ ಖರ್ಚು ಮಾಡಿಸಿ, ಕ್ಲಾಸನ್ನು ಅವನಿಗಿಂತ ಹಿಂದಕ್ಕೆ ಒಯ್ದಿದ್ದೆ.

ಇನ್ನೊಂದು ತೊಂದರೆ ಬಣ್ಣದ್ದು. ಟೇಬಲ್‌ನಲ್ಲಿ ಆರ್ಟರಿ (ಅಪಧಮನಿ) ಕೆಂಪು, ವೇನ್ (ಅಭಿಧಮನಿ) ನೀಲಿ, ನರ ಹಳದಿ. ಅದರಲ್ಲಿ ಬ್ರೇಕಿಯಲ್ ಪ್ಲೆಕ್ಸಸ್ (ತೋಳಿಗೆ ಹೋಗುವ ನರಗಳ ಜಾಲ) ಅನ್ನು ತಪ್ಪಿಲ್ಲದೆ ಒಪ್ಪಿಸಿದ್ದ ಹುಡುಗನೊಬ್ಬನನ್ನು ನಿಜವಾದ ಕಂಕುಳಿನ ಮುಂದೆ ನಿಲ್ಲಿಸಿದೆ. ಪಾಪ, ಹತ್ತು ನಿಮಿಷ ಹುಡುಕಿದ. ಹಳದಿಯಾಗಿ ಕಂಡದ್ದನ್ನೇ ಫೋರ್ಸೆಪ್ಸ್‌ನಲ್ಲಿ ಹಿಡಿದು 'ನರ ಸರ್' ಅಂದ. ಹಿಡಿದದ್ದು ಕೊಬ್ಬು.

ಕೆಡದಂತೆ ಫಾರ್ಮಲಿನ್ ಹಾಕಿದ ದೇಹದಲ್ಲಿ ಎಲ್ಲದಕ್ಕೂ ಒಂದೇ ಮಾಸಲು ಬಣ್ಣ. ಅಲ್ಲಿ ಕಣ್ಣನ್ನು ನಂಬಿದರೆ ಆಗುವುದಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಹೊಸೆದು ನೋಡಬೇಕು. ನರ ಗಟ್ಟಿ ಹುರಿಯ ಹಾಗೆ ಉರುಳುತ್ತದೆ. ಆರ್ಟರಿಗೆ ದಪ್ಪ ಗೋಡೆ, ಒಳಗೆ ಟೊಳ್ಳು, ಒತ್ತಿದರೆ ತಗ್ಗುತ್ತದೆ. ವೇನ್ ಮೊದಲೇ ಚಪ್ಪಟೆ. ಆ ಹುಡುಗನ ಬೆರಳು ಹಿಡಿದು ಇದನ್ನು ತೋರಿಸಿದೆ. ಮುಂದಿನ ವಾರ ಅವನೇ ಕೊಬ್ಬನ್ನೆಲ್ಲ ಬಿಡಿಸಿ, ಆರ್ಟರಿಯ ಮುಂದೆ ನರಗಳು ಸೇರಿ ಮಾಡುವ ಎಮ್ ಅಕ್ಷರವನ್ನು ಹುಡುಕಿ ತೆಗೆದ. ಬಿಡಿಸಿದ ಕೊಬ್ಬು ಒಂದು ಬೊಗಸೆ ಇತ್ತು. ಟೇಬಲ್‌ನಲ್ಲಿ ಆ ಒಂದು ಬೊಗಸೆ ಇಲ್ಲವೇ ಇಲ್ಲ. ಎಲ್ಲ ಮೊದಲೇ ಬಿಡಿಸಿ ಇಟ್ಟಿರುತ್ತಾರೆ.

ಟೇಬಲ್‌ನಲ್ಲಿ ವರ್ಷ ವರ್ಷವೂ ಅದೇ ಮನುಷ್ಯ, ಅದೇ ಕೈ. ಬಾಡಿ ಹಾಗಲ್ಲ. ಒಮ್ಮೆ ಎಡಗೈ ತಂಡದವರು ಬಂದು ಬಲಗೈ ತಂಡದವರ ಮೇಲೆ ದೂರು ಹೇಳಿದರು, ನಮ್ಮ ಪಾಲ್ಮಾರಿಸ್ ಲಾಂಗಸ್ ಸ್ನಾಯುವನ್ನು ಇವರು ಕತ್ತರಿಸಿ ಬಿಸಾಕಿದ್ದಾರೆ ಅಂತ. ದೊಡ್ಡ ಜಗಳ. ಹೋಗಿ ನೋಡಿದರೆ ಆ ಕೈಯಲ್ಲಿ ಅದು ಹುಟ್ಟಿನಿಂದಲೇ ಇರಲಿಲ್ಲ. ಕೆಲವರಿಗೆ ಇರುವುದಿಲ್ಲ, ಕೆಲವರಿಗೆ ಒಂದೇ ಕೈಯಲ್ಲಿ ಇರುತ್ತದೆ. ನೀವೇ ನೋಡಿಕೊಳ್ಳಿ: ಹೆಬ್ಬೆರಳು ಕಿರುಬೆರಳು ಕೂಡಿಸಿ ಮಣಿಕಟ್ಟು ಸ್ವಲ್ಪ ಒಳಕ್ಕೆ ಬಗ್ಗಿಸಿ. ನಡುವೆ ಒಂದು ಹುರಿ ಎದ್ದರೆ ಇದೆ, ಏಳದಿದ್ದರೆ ಬಹುಶಃ ಇಲ್ಲ.

ಟೇಬಲ್ ಗೆಲ್ಲುವುದು ಅಡ್ಡ ಸೀಳಿಕೆಯಲ್ಲಿ. ಸಿಟಿ ಸ್ಕ್ಯಾನ್ ಓದುವುದನ್ನು ಕಲಿಸಲು ಅದಕ್ಕೆ ಸಾಟಿ ಇಲ್ಲ. ಆದರೆ 'ಟೇಬಲ್ ಇದ್ದರೆ ಶವವೇ ಬೇಕಿಲ್ಲ' ಅನ್ನುವ ಮಾತು ಅರ್ಧ ಸತ್ಯ. ಈ ಬಗೆಯ ಕೆಲಸಕ್ಕೆ ದಾರಿ ಹಾಕಿದ ಅಮೆರಿಕದ ವಿಸಿಬಲ್ ಹ್ಯೂಮನ್ ಪ್ರಾಜೆಕ್ಟ್‌ನ ಗಂಡು ದೇಹ 1993ರಲ್ಲಿ ಟೆಕ್ಸಾಸ್‌ನಲ್ಲಿ ಮರಣದಂಡನೆಗೆ ಗುರಿಯಾದ ಕೈದಿಯದ್ದು. ಹೆಪ್ಪುಗಟ್ಟಿಸಿ, 1 ಮಿಲಿಮೀಟರ್‌ನಂತೆ ಸೀಳಿ, 1,871 ಸೀಳುಗಳ ಫೋಟೋ ತೆಗೆದರು.

ಇನ್ನು ಪ್ಲಾಸ್ಟಿಕ್ ಬುರುಡೆ. 1985ರಲ್ಲಿ ಭಾರತ ಮನುಷ್ಯರ ಮೂಳೆಗಳ ರಫ್ತು ನಿಲ್ಲಿಸಿದ ಮೇಲೆ ಜಗತ್ತಿನ ಎಲ್ಲೆಡೆ ಇದರ ಕಾಲ ಬಂತು. ಹಗುರ, ಬಿದ್ದರೂ ಒಡೆಯುವುದಿಲ್ಲ, ಬೆಳ್ಳಗೆ ಮಿಂಚುತ್ತದೆ. ಆದರೆ ಬುರುಡೆ ಕಲಿಯುವುದೆಂದರೆ ತೂತುಗಳನ್ನು ಕಲಿಯುವುದು. ಒಂದು ಪೊರಕೆ ಕಡ್ಡಿ ತಗೊಂಡು ಒಂದೊಂದರಲ್ಲೂ ತೂರಿಸಿ, ಎಲ್ಲಿ ಹೊರಗೆ ಬರುತ್ತದೆ ನೋಡಬೇಕು. ನಾನು ಕೊಂಡ ಬುರುಡೆಯಲ್ಲಿ ಫೊರಾಮೆನ್ ಓವೇಲ್ ಅನ್ನುವ ತೂತು ಇತ್ತು. ಪಕ್ಕದ ಫೊರಾಮೆನ್ ಸ್ಪೈನೋಸಮ್ ಇದ್ದ ಜಾಗದಲ್ಲಿ ಒಂದು ಗುಳಿ ಅಷ್ಟೇ, ತೂತೇ ಇಲ್ಲ! ತಲೆಗೆ ಪೆಟ್ಟು ಬಿದ್ದಾಗ ಹರಿದು ಪ್ರಾಣ ತೆಗೆಯಬಲ್ಲ ಆರ್ಟರಿ ಬುರುಡೆಯೊಳಗೆ ಹೋಗುವ ಬಾಗಿಲು ಅದು. ಮುಖದ ನರ ಹೊರಬರುವ ತೂತೂ ಮುಚ್ಚಿತ್ತು. ಸೂಜಿ ಕಾಯಿಸಿ ನಾನೇ ಕೊರೆದೆ, ಅದೂ ಸೊಟ್ಟಗಾಯಿತು. ಕೊಳ್ಳುವ ಮುಂಚೆ ಜೇಬಿನಲ್ಲಿ ಒಂದು ಕಡ್ಡಿ ಇಟ್ಟುಕೊಂಡು ಹೋಗಿ.

ಪ್ಲಾಸ್ಟಿನೇಷನ್ ನನ್ನ ಎರಡನೇ ಆಯ್ಕೆ. 1977ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಗುಂಟರ್ ಫಾನ್ ಹಾಗೆನ್ಸ್ ಕಂಡುಹಿಡಿದ ವಿಧಾನ. ದೇಹದ ನೀರು ತೆಗೆದು ಅಸಿಟೋನ್, ಅಸಿಟೋನ್ ತೆಗೆದು ಸಿಲಿಕೋನ್. ವಾಸನೆ ಇಲ್ಲ, ಗ್ಲೌಸ್ ಬೇಡ, ನಿಜವಾದ ಅಂಗ. ಆದರೆ ಬಿರುಸು. ಸ್ನಾಯು ಎತ್ತಿ ಕೆಳಗೇನಿದೆ ನೋಡೋಣ ಅಂದರೆ ಸಣ್ಣ ನರ ಟಕ್ಕಂತ ಮುರಿಯುತ್ತದೆ. ಮುರಿದರೆ ಅದಕ್ಕೆ 'ಅನ್‌ಡೂ' ಇಲ್ಲ.

ಮೊಬೈಲ್ ಆ್ಯಪ್‌ಗಳು ಪರೀಕ್ಷೆಯ ಹಿಂದಿನ ರಾತ್ರಿಗೆ ಒಳ್ಳೆಯವು, ಅಷ್ಟೇ.

ಬಾಡಿಯ ಪರ ಮಾತಾಡುವವನು ಅದರ ತಪ್ಪನ್ನೂ ಹೇಳಬೇಕಲ್ವಾ. ಫಾರ್ಮಲಿನ್ ಕಣ್ಣು ಉರಿಸುತ್ತದೆ. ಅದರಿಂದ ಏಳುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರಬಲ್ಲದು ಅಂತ 2004ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ. ಗಾಳಿ ಹೊರಹಾಕುವ ಸರಿಯಾದ ವ್ಯವಸ್ಥೆ ಇಲ್ಲದ ಹಾಲ್‌ನಲ್ಲಿ ಡಿಸೆಕ್ಷನ್ ಬೇಡವೇ ಬೇಡ. ಬಾಡಿಗಳ ಹಿಂದಿನ ಕಥೆಯೂ ಚೆನ್ನಾಗಿಲ್ಲ. 1828ರಲ್ಲಿ ಎಡಿನ್‌ಬರಾದಲ್ಲಿ ಬರ್ಕ್ ಮತ್ತು ಹೇರ್ 16 ಜನರನ್ನು ಕೊಂದು ಅನಾಟಮಿ ಮೇಷ್ಟರಿಗೆ ಮಾರಿದರು. 1832ರ ಬ್ರಿಟಿಷ್ ಕಾನೂನು ಹೆಣಗಳ ಕಳ್ಳತನ ನಿಲ್ಲಿಸಿತು, ಆದರೆ ವಾರಸುದಾರರಿಲ್ಲದ ಬಡವರ ದೇಹಗಳನ್ನು ಡಿಸೆಕ್ಷನ್ ಹಾಲ್‌ಗೆ ತಂದಿತು. ಈಗ ಹಾಲ್‌ಗೆ ಬರುವ ದೇಹಗಳಲ್ಲಿ ದಾನ ಕೊಟ್ಟವರದ್ದೂ ಇದೆ ಅನ್ನುವುದೇ ನನಗೆ ಸಮಾಧಾನ. ದೇಹ ಸಿಗದ ಕಡೆ ಏನು ಮಾಡಬೇಕು? ಇಂಗ್ಲೆಂಡಿನಲ್ಲಿ 2002ರಲ್ಲಿ ಶುರುವಾದ ಪೆನಿನ್ಸುಲಾ ಮೆಡಿಕಲ್ ಸ್ಕೂಲ್ ಬಾಡಿ ಇಲ್ಲದೆ, ಜೀವಂತ ಮನುಷ್ಯರ ಮೈ ಮತ್ತು ಸ್ಕ್ಯಾನ್‌ಗಳಲ್ಲೇ ಅನಾಟಮಿ ಕಲಿಸಿತು. ಅಲ್ಲಿಂದಲೂ ಡಾಕ್ಟರುಗಳು ಬಂದರು. ಒಪ್ಪುತ್ತೇನೆ.

ಆದರೂ ನಾನು ಕೈಯಿಂದ ಕಲಿತವನು, ಕೈಯಿಂದಲೇ ಕಲಿಸುವವನು. ವಿಭಾಗದ ದುಡ್ಡು ಸೀಮಿತ. ಈಗ ಮತ್ತೆ ಕೇಳಿದರೆ ಹೀಗೆ ಹಂಚುತ್ತೇನೆ: ಮೊದಲು ಹಾಲ್‌ನ ಎಕ್ಸಾಸ್ಟ್. ಆಮೇಲೆ ಬ್ಲೇಡು, ಗ್ಲೌಸ್, ಒಳ್ಳೆಯ ಫೋರ್ಸೆಪ್ಸ್. ಉಳಿದರೆ ಪ್ಲಾಸ್ಟಿನೇಟ್ ಮಾಡಿದ ಒಂದು ಮಿದುಳು, ಒಂದು ಹೃದಯ. ಟೇಬಲ್ ಅನ್ನು ವಾರಕ್ಕೆ ಒಂದು ಗಂಟೆ ಸಿಟಿ ಕ್ಲಾಸಿಗೆ ಆನ್ ಮಾಡುತ್ತೇವೆ, ಚಿತ್ರವನ್ನು ಗೋಡೆಯ ಪ್ರೊಜೆಕ್ಟರ್‌ಗೆ ಕೊಟ್ಟು. ಆಗ ಎಂಟೂ ಜನರಿಗೆ ನೆಟ್ಟಗೆ ಕಾಣುತ್ತದೆ, ಯಾರ ತೋಳೂ ತಾಗುವುದಿಲ್ಲ. ಅಷ್ಟಕ್ಕೆ ಒಂದು ಲ್ಯಾಪ್‌ಟಾಪ್ ಸಾಕಿತ್ತು.