ನೂರಕ್ಕೆ ಎಷ್ಟು ಕಳೆಯುತ್ತೆ? ಪಣಜಿಯ ಕ್ಯಾಸಿನೊ ಆಟಗಳ ಹೋಲಿಕೆ

ಮಾಂಡೋವಿ ನದಿಯ ಮೇಲೆ ನಿಂತ ಕ್ಯಾಸಿನೊ ಹಡಗಿನಲ್ಲಿ, ಹತ್ತು ಹೆಜ್ಜೆ ಅಂತರದಲ್ಲಿ, ನೂರು ರೂಪಾಯಿ ಕಟ್ಟಿದರೆ ಸರಾಸರಿ ಒಂದು ರೂಪಾಯಿ ಕೀಳುವ ಪಣವೂ ಇರಬಹುದು, ಮೂವತ್ತಮೂರು ರೂಪಾಯಿ ಕೀಳುವ ಪಣವೂ ಇರಬಹುದು. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನಿಂದ ವಾರಾಂತ್ಯಕ್ಕೆ ಹೋಗುವವರು ಸಾಮಾನ್ಯವಾಗಿ ಕೂರುವುದು ಗೊತ್ತಿರುವ ಆಟಕ್ಕೆ: ಅಂದರ್ ಬಾಹರ್ ಅಥವಾ ತೀನ್ ಪತ್ತಿ. ಗೊತ್ತಿರುವ ಆಟ ಅಗ್ಗದ ಆಟ ಆಗಬೇಕೆಂದೇನೂ ಇಲ್ಲ. ಹಾಗಾಗಿ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗೋಣ: ₹100 ಕಟ್ಟಿದಾಗ ಸರಾಸರಿ ಎಷ್ಟು ರೂಪಾಯಿ ಕ್ಯಾಸಿನೊ ಪಾಲಾಗುತ್ತದೆ.

ಲೆಕ್ಕ ಹೇಗೆ ಹುಟ್ಟುತ್ತದೆ ಎಂಬುದು ರೂಲೆಟ್‌ನಲ್ಲಿ ಎದ್ದು ಕಾಣುತ್ತದೆ. ಒಂದು ಸೊನ್ನೆಯ ಚಕ್ರದಲ್ಲಿ 37 ಮನೆಗಳು. ಒಂದು ಅಂಕಿಗೆ ಕಟ್ಟಿ ಗೆದ್ದರೆ ಕೊಡುವುದು 35 ಪಟ್ಟು, ಜೊತೆಗೆ ಕಟ್ಟಿದ್ದು ವಾಪಸ್. 37 ಮನೆಗೂ ನೂರು ನೂರು ಇಟ್ಟರೆ ₹3,700 ಹೋಗಿ ₹3,600 ಬರುತ್ತದೆ. ಆ ನೂರನ್ನು 37ರಿಂದ ಭಾಗಿಸಿದರೆ ₹2.70. ಕೆಂಪು-ಕಪ್ಪು, ಸರಿ-ಬೆಸ, ಡಜನ್, ಕಾಲಂ ಯಾವುದಕ್ಕೆ ಕಟ್ಟಿದರೂ ಇದೇ ₹2.70. ಚಕ್ರದಲ್ಲಿ ಎರಡು ಸೊನ್ನೆ ಇದ್ದರೆ ಮನೆ 38 ಆಗುತ್ತವೆ, ಕೊಡುವುದು ಮಾತ್ರ ಅದೇ 35 ಪಟ್ಟು. ಪಾಲು ₹5.26ಕ್ಕೆ ಏರುತ್ತದೆ. ಆದ್ದರಿಂದ ಚಿಪ್ ಇಡುವ ಮುಂಚೆ ಚಕ್ರ ನೋಡಿ: ಹಸಿರು ಮನೆ ಒಂದಿದೆಯೋ ಎರಡಿದೆಯೋ. ಎರಡಿದ್ದರೆ ಪಕ್ಕದ ಟೇಬಲ್‌ಗೆ ಹೋಗಿ.

ಸೋತಾಗಲೆಲ್ಲ ದುಪ್ಪಟ್ಟು ಕಟ್ಟುವ ಉಪಾಯವನ್ನು ಪ್ರತಿ ಟೇಬಲ್‌ನಲ್ಲೂ ಯಾರಾದರೊಬ್ಬರು ಹೇಳಿಕೊಡುತ್ತಾರೆ. ₹500ರಿಂದ ಶುರು ಮಾಡಿ ಏಳು ಸಲ ಸತತ ಸೋತರೆ ಹೋಗಿದ್ದು ₹63,500, ಎಂಟನೇ ಸಲಕ್ಕೆ ಬೇಕಾದ್ದು ₹64,000. ಅಷ್ಟರಲ್ಲಿ ಟೇಬಲ್ಲಿನ ಗರಿಷ್ಠ ಮಿತಿಯೋ ಜೇಬಿನ ಮಿತಿಯೋ ಅಡ್ಡ ಬರುತ್ತದೆ. ಒಂದು ಗೆಲುವು ಬರುವವರೆಗಿನ ಆಟವನ್ನು ಒಂದು ಸರಣಿ ಎಂದುಕೊಂಡರೆ, ಕೆಂಪಿಗೆ ಕಟ್ಟಿ ಏಳು ಸಲ ಸತತ ಸೋಲುವುದು ಸರಾಸರಿ 106 ಸರಣಿಗಳಲ್ಲಿ ಒಂದು ಸಲ. ಉಳಿದ 105 ಸಲ ₹500ರಂತೆ ಗೆದ್ದರೆ ಬರುವುದು ₹52,500. ಸೋಲಿನ ಒಂದೇ ಸರಣಿ ಅದನ್ನು ನುಂಗಿ ಇನ್ನೂ ₹11,000 ಕೇಳುತ್ತದೆ. ಹಿಂದಿನ ಸಂಖ್ಯೆಗಳನ್ನು ತೋರಿಸುವ ಬೋರ್ಡ್ ಇರುವುದು ಅಲಂಕಾರಕ್ಕೆ. ಚಕ್ರಕ್ಕೆ ನೆನಪಿಲ್ಲ.

ತಲೆ ಓಡಿಸದೆ ಆಡುವ ಆಟಗಳಲ್ಲಿ ಬ್ಯಾಕರಾಗಿಂತ ಅಗ್ಗದ್ದು ಸಿಗುವುದು ಕಷ್ಟ. ಬ್ಯಾಂಕರ್, ಪ್ಲೇಯರ್ ಎಂಬ ಎರಡು ಕಡೆ; ಎಲೆಗಳ ಅಂಕ 9ಕ್ಕೆ ಹತ್ತಿರ ಬಂದ ಕಡೆ ಗೆದ್ದಂತೆ. ಎಂಟು ಪ್ಯಾಕಿನ ಆಟದಲ್ಲಿ ಬ್ಯಾಂಕರ್ ಕಡೆಗೆ ಕಟ್ಟಿದರೆ ಪಾಲು ₹1.06, ಪ್ಲೇಯರ್ ಕಡೆಗೆ ₹1.24. ಬ್ಯಾಂಕರ್ ಕಡೆ ತುಸು ಹೆಚ್ಚು ಗೆಲ್ಲುವುದಕ್ಕೆ ಕಾರಣ ಇದೆ: ಅದು ಕೊನೆಗೆ ಆಡುತ್ತದೆ, ಪ್ಲೇಯರ್ ಕಡೆಯ ಮೂರನೇ ಎಲೆ ಏನೆಂದು ನೋಡಿ ತನ್ನ ಎಲೆ ತೆಗೆಯಬೇಕೋ ಬೇಡವೋ ಎಂಬ ನಿಯಮ ಅದಕ್ಕಿದೆ. ಆ ಲಾಭವನ್ನು ಸರಿದೂಗಿಸಲೆಂದೇ ಬ್ಯಾಂಕರ್ ಗೆಲುವಿನಲ್ಲಿ ಶೇ 5 ಕಮಿಷನ್ ಹಿಡಿಯುತ್ತಾರೆ. "ನೋ ಕಮಿಷನ್" ಎಂದು ದೊಡ್ಡದಾಗಿ ಬರೆದ ಟೇಬಲ್‌ಗೆ ಮನಸೋಲಬೇಡಿ. ಅಲ್ಲಿ ಬ್ಯಾಂಕರ್ ಕೈಯ ಒಟ್ಟು ಅಂಕ 6 ಆಗಿ ಗೆದ್ದರೆ ಅರ್ಧ ಮಾತ್ರ ಕೊಡುವ ನಿಯಮವಿದ್ದರೆ ಪಾಲು ₹1.46. ಕಮಿಷನ್ ಕೊಡುವುದೇ ಅಗ್ಗ.

ಅದೇ ಟೇಬಲ್ಲಿನ ಬಟ್ಟೆಯ ಮೇಲೆ "ಟೈ", ಅಂದರೆ ಎರಡೂ ಕಡೆ ಸಮ ಬರುತ್ತದೆ ಎಂಬ ಮನೆಯೂ ಇದೆ. ಒಂದಕ್ಕೆ ಎಂಟು ಕೊಡುತ್ತಾರೆ, ಪಾಲು ₹14.36. ಜೋಡಿ ಎಲೆ ಬೀಳುತ್ತದೆ ಎಂಬ ಪಣಕ್ಕೆ ಒಂದಕ್ಕೆ ಹನ್ನೊಂದು ಕೊಟ್ಟರೂ ₹10.36. ಈಗ ಡ್ರ್ಯಾಗನ್ ಟೈಗರ್ ನೋಡಿ. ಎರಡು ಕಡೆಗೆ ಒಂದೊಂದೇ ಎಲೆ, ದೊಡ್ಡದು ಬಂದ ಕಡೆ ಗೆದ್ದಂತೆ. ಕಲಿಯಲು ಅರ್ಧ ನಿಮಿಷ ಸಾಕು, ಜನ ಮುಗಿಬೀಳುವುದೂ ಅದಕ್ಕೇ. ಸಮ ಬಂದರೆ ಎರಡೂ ಕಡೆಯವರು ಅರ್ಧ ಕಳೆದುಕೊಳ್ಳುತ್ತಾರೆ. ಎಂಟು ಪ್ಯಾಕಿನಲ್ಲಿ ಸಮ ಬರುವ ಸಾಧ್ಯತೆ 415ರಲ್ಲಿ 31, ಅಂದರೆ ಶೇ 7.47. ಅದರ ಅರ್ಧ ₹3.73 ಕ್ಯಾಸಿನೊ ಪಾಲು, ಬ್ಯಾಂಕರ್ ಪಣದ ಮೂರೂವರೆ ಪಟ್ಟು. ಇಲ್ಲಿನ ಟೈಗೂ ಒಂದಕ್ಕೆ ಎಂಟೇ ಕೊಟ್ಟರೆ ಪಾಲು ₹32.77. ಮೊದಲು ಹೇಳಿದ ಮೂವತ್ತಮೂರು ರೂಪಾಯಿ ಇದೇ. ಒಂದಕ್ಕೆ ಹನ್ನೊಂದು ಕೊಡುವ ಟೇಬಲ್ಲಾದರೂ ₹10.36 ಹೋಗುತ್ತದೆ.

ಬ್ಲ್ಯಾಕ್‌ಜಾಕ್‌ನ ಪಾಲು ಆಡುವವರ ಮೇಲೆ ನಿಂತಿದೆ. 21 ದಾಟದೆ ಡೀಲರ್‌ಗಿಂತ ಹೆಚ್ಚು ಮೊತ್ತ ಮಾಡುವುದೇ ಆಟ. ಬೇಸಿಕ್ ಸ್ಟ್ರಾಟಜಿ (ಯಾವ ಕೈಗೆ ಏನು ಮಾಡಬೇಕೆಂದು ಲೆಕ್ಕ ಹಾಕಿಟ್ಟ ಪಟ್ಟಿ) ತಪ್ಪದೆ ಆಡಿದರೆ, ನಿಯಮಗಳು ಚೆನ್ನಾಗಿದ್ದರೆ, ಸುಮಾರು 50 ಪೈಸೆ. ಡೀಲರ್ ಮಾಡಿದಂತೆ ತಾನೂ 17ರವರೆಗೆ ಎಲೆ ಎಳೆಯುತ್ತಾ ಹೋದರೆ ₹5.50ರ ಆಸುಪಾಸು. ಸಿಡಿಯುವ, ಅಂದರೆ 21 ದಾಟುವ ಭಯಕ್ಕೆ 12 ಆದಕೂಡಲೇ ನಿಲ್ಲುವವರಿಗೆ ಸುಮಾರು ₹3.90. ಟೇಬಲ್ ಬದಲಾಗಿಲ್ಲ, ಆಡುವ ಕೈ ಬದಲಾಗಿದೆ. ಕನಿಷ್ಠ ಇಷ್ಟು ಬಾಯಿಪಾಠ ಇರಲಿ: ಡೀಲರ್‌ನ ತೆರೆದ ಎಲೆ 2ರಿಂದ 6 ಇದ್ದು ನಿಮ್ಮದು 13ರಿಂದ 16 ಇದ್ದರೆ ನಿಲ್ಲಿ, 12 ಇದ್ದರೆ 4, 5, 6ರ ಎದುರು ಮಾತ್ರ ನಿಲ್ಲಿ. ಎದುರಿಗೆ 7 ಅಥವಾ ಅದಕ್ಕಿಂತ ದೊಡ್ಡದಿದ್ದರೆ 16ರಲ್ಲೂ ಎಲೆ ಕೇಳಿ. ಹನ್ನೊಂದಕ್ಕೆ ಡಬಲ್ ಮಾಡಿ (ಪಣ ದುಪ್ಪಟ್ಟು ಮಾಡಿ ಒಂದೇ ಎಲೆ ತೆಗೆಯಿರಿ), ಎಂಟರ ಜೋಡಿ ಮತ್ತು ಎಕ್ಕದ ಜೋಡಿಯನ್ನು ಎರಡು ಕೈಯಾಗಿ ಬಿಡಿಸಿ. ಹತ್ತರ ಜೋಡಿಯನ್ನು ಬಿಡಿಸಬೇಡಿ, ಐದರ ಜೋಡಿಯನ್ನೂ. ಡೀಲರ್ ತನ್ನ ಎರಡನೇ ಎಲೆಯನ್ನು ಎಲ್ಲರ ಆಟ ಮುಗಿದ ಮೇಲೆ ತೆಗೆಯುವ ಟೇಬಲ್ಲಾದರೆ ಒಂದು ತಿದ್ದುಪಡಿ: ಅವನ ಎದುರಿನ ಎಲೆ ಹತ್ತೋ ಎಕ್ಕವೋ ಆಗಿದ್ದಾಗ ಹನ್ನೊಂದಕ್ಕೆ ಡಬಲ್ ಬೇಡ, ಎಂಟನ್ನು ಬಿಡಿಸುವುದೂ ಬೇಡ. ಅವನಿಗೆ ಬ್ಲ್ಯಾಕ್‌ಜಾಕ್ ಬಂದರೆ ಹೆಚ್ಚಿಗೆ ಇಟ್ಟದ್ದೆಲ್ಲ ಹೋಗುತ್ತದೆ.

ಕೂರುವ ಮುಂಚೆ ಬಟ್ಟೆಯ ಮೇಲಿನ ಬರಹ ಓದಿ. ಎಕ್ಕ ಮತ್ತು ಹತ್ತರ ಬೆಲೆಯ ಎಲೆ ಒಟ್ಟಿಗೆ ಬಂದರೆ 3ಕ್ಕೆ 2ರಂತೆ, ₹1,000ಕ್ಕೆ ₹1,500 ಕೊಡಬೇಕು. 6ಕ್ಕೆ 5 ಎಂದಿದ್ದರೆ ಸಿಗುವುದು ₹1,200. ಇಂಥ ಕೈ ಸುಮಾರು 21 ಸಲಕ್ಕೊಮ್ಮೆ ಬರುವುದರಿಂದ ಈ ಸಣ್ಣ ಅಕ್ಷರವೊಂದೇ ಪಾಲನ್ನು ₹1.36 ಏರಿಸುತ್ತದೆ. ಆಗ ಬ್ಯಾಕರಾವೇ ಮೇಲು. ಡೀಲರ್ ಎಕ್ಕ ತೋರಿಸಿ "ಇನ್ಶೂರೆನ್ಸ್?" ಎಂದು ಕೇಳಿದಾಗ ಬೇಡ ಎನ್ನಿ. ಅದು ಡೀಲರ್‌ಗೆ ಬ್ಲ್ಯಾಕ್‌ಜಾಕ್ ಬರುತ್ತದೆ ಎಂಬ ಪಕ್ಕದ ಪಣ ಅಷ್ಟೇ. ಹೆಸರು ವಿಮೆ, ಆರು ಪ್ಯಾಕಿನ ಆಟದಲ್ಲಿ ಪಾಲು ₹7.40.

ಈಗ ನಮ್ಮವರ ಆಟ, ಅಂದರ್ ಬಾಹರ್. ಜೋಕರ್ ಎಂದು ಒಂದು ಎಲೆ ತೆರೆದಿಟ್ಟು, ಎರಡು ಕಡೆಗೆ ಒಂದೊಂದಾಗಿ ಎಲೆ ಹಾಕುತ್ತಾ ಹೋಗುತ್ತಾರೆ; ಅದೇ ಅಂಕಿಯ ಎಲೆ ಮೊದಲು ಬಿದ್ದ ಕಡೆ ಗೆದ್ದಂತೆ. ಜೋಕರ್ ಎಲೆ ತೆರೆದಿಟ್ಟ ಮೇಲೆ ಪ್ಯಾಕಿನಲ್ಲಿ 51 ಎಲೆ ಉಳಿಯುತ್ತವೆ, ಅದೇ ಅಂಕಿಯವು 3. ಆ ಮೂರು ಎಲೆ ಕೂರಬಹುದಾದ ಜಾಗಗಳ ಜೋಡಣೆ ಒಟ್ಟು 20,825. ಅದರಲ್ಲಿ 10,725 ಜೋಡಣೆಗಳಲ್ಲಿ ಗೆಲ್ಲುವುದು ಮೊದಲ ಎಲೆ ಬಿದ್ದ ಕಡೆ. ಅಂದರೆ ಶೇ 51.50. ಜನ "ಐವತ್ತು-ಐವತ್ತು" ಎನ್ನುವ ಆಟದಲ್ಲಿ ಒಂದು ಕಡೆಗೆ ನೂರಕ್ಕೆ ಮೂರರ ಮುನ್ನಡೆ ಇದೆ, ಕ್ಯಾಸಿನೊ ಅದನ್ನು ಚೆನ್ನಾಗಿ ಬಲ್ಲದು. ಹಾಗಾಗಿ ಮೊದಲ ಎಲೆಯ ಕಡೆಗೆ ₹100ಕ್ಕೆ ₹90 ಕೊಡುವ ಪದ್ಧತಿ, ಪಾಲು ₹2.15. ಇನ್ನೊಂದು ಕಡೆಗೆ ಪೂರ್ತಿ ₹100 ಕೊಡುತ್ತಾರೆ; ಪಾಲು ₹3.00. ಕಡಿಮೆ ಕೊಡುವ ಕಡೆಯೇ ಅಗ್ಗದ್ದು. ಮೊದಲ ಎಲೆಗೇ ಗೆದ್ದರೆ ಕಾಲು ಭಾಗ, ಆಮೇಲೆ ಗೆದ್ದರೆ ಪೂರ್ತಿ ಎಂಬ ನಿಯಮ ಇರುವ ಕಡೆ ಪಾಲು ₹1.41ಕ್ಕೆ ಇಳಿಯುತ್ತದೆ. ಅಂಥ ಟೇಬಲ್ ಕಂಡರೆ ರೂಲೆಟ್ ಮರೆತುಬಿಡಿ.

ತಪ್ಪುವುದು ಎಲ್ಲಿ ಎಂದರೆ ಮೊದಲ ಎಲೆ ಎಲ್ಲಿ ಬೀಳುತ್ತದೆ ಎಂದು ಕೇಳದೆ ಕಟ್ಟುವುದರಲ್ಲಿ. ಕೆಲವು ಕಡೆ ಅದು ಯಾವಾಗಲೂ ಒಂದೇ ಬದಿಗೆ. ಕೆಲವು ಕಡೆ ಜೋಕರ್ ಕಪ್ಪಾದರೆ ಅಂದರ್‌ಗೆ, ಕೆಂಪಾದರೆ ಬಾಹರ್‌ಗೆ. ಬಣ್ಣದ ನಿಯಮ ಇದ್ದು, ಜೋಕರ್ ತೆರೆಯುವ ಮುಂಚೆಯೇ ಪಣ ಕೇಳಿದರೆ ಆರಿಸುವ ಅವಕಾಶವೇ ಇಲ್ಲ, ಸರಾಸರಿ ₹2.58 ತೆರಬೇಕು. ತೆರೆದ ಮೇಲೂ ಕಟ್ಟಲು ಬಿಡುವ ಟೇಬಲ್ ಒಳ್ಳೆಯದು. ಎಷ್ಟನೇ ಎಲೆಗೆ ಆಟ ಮುಗಿಯುತ್ತದೆ ಎಂಬ ಪಕ್ಕದ ಪಣಗಳಿಗೂ ಲೆಕ್ಕ ಹಾಕಬಹುದು. ಆಟ ಮುಗಿಯುವುದು ಸರಾಸರಿ 13ನೇ ಎಲೆಗೆ. ಮೊದಲ ಐದರೊಳಗೆ ಮುಗಿಯುವ ಸಾಧ್ಯತೆ ಶೇ 27.1. ಅದಕ್ಕೆ ಒಂದಕ್ಕೆ ಎರಡೂವರೆ ಕೊಟ್ಟರೆ ಪಾಲು ₹5.13.

ತೀನ್ ಪತ್ತಿಯನ್ನು ಡೀಲರ್ ಎದುರು ಆಡಿಸುವಾಗ ಬ್ಲಫ್ ಇಲ್ಲ, ಬ್ಲೈಂಡ್ ಇಲ್ಲ, ಎದುರಾಳಿಯ ಮುಖ ಓದುವ ಜಾಣ್ಮೆಗೂ ಕೆಲಸವಿಲ್ಲ. ತ್ರೀ ಕಾರ್ಡ್ ಪೋಕರ್ ನಿಯಮದಲ್ಲಿ ನಡೆದರೆ ಮೊದಲ ಪಣದ ಮೇಲೆ ಪಾಲು ₹3.37, ಅದೂ ರಾಣಿ-6-4 ಅಥವಾ ಅದಕ್ಕಿಂತ ಮೇಲಿದ್ದಾಗ ಮಾತ್ರ ಮುಂದುವರಿದರೆ. ಜೋಡಿ ಅಥವಾ ಅದಕ್ಕಿಂತ ಮೇಲಿನ ಕೈ ಬಂದರೆ ಗೆಲ್ಲುವ ಪೇರ್ ಪ್ಲಸ್ ಪಣದಲ್ಲಿ ಒಂದೇ ಒಂದು ಸಾಲು ಓದಿ: ಕಲರ್ (ಮೂರೂ ಎಲೆ ಒಂದೇ ಜಾತಿ) ಬಂದರೆ 4 ಪಟ್ಟೋ 3 ಪಟ್ಟೋ. ಮಿಕ್ಕದ್ದು ಪ್ಯೂರ್ ಸೀಕ್ವೆನ್ಸ್‌ಗೆ 40, ಟ್ರಯಲ್‌ಗೆ 30, ಸೀಕ್ವೆನ್ಸ್‌ಗೆ 6, ಜೋಡಿಗೆ 1 ಎಂದೇ ಇದ್ದರೆ, 4 ಪಟ್ಟಿಗೆ ಪಾಲು ₹2.32, 3 ಪಟ್ಟಿಗೆ ₹7.28.

ಸ್ಲಾಟ್ ಯಂತ್ರಕ್ಕೆ ಇಂಥ ಲೆಕ್ಕ ಹಾಕಲಾಗುವುದಿಲ್ಲ. ಎಲೆ ಎಷ್ಟು, ಮನೆ ಎಷ್ಟು ಎಂಬುದು ಹೊರಗೆ ಕಾಣುವುದೇ ಇಲ್ಲ. ಅಮೆರಿಕದ ನೆವಾಡಾದಲ್ಲಿ ಯಂತ್ರ ಕನಿಷ್ಠ ಶೇ 75 ಹಿಂದಿರುಗಿಸಬೇಕೆಂಬ ನಿಯಮವಿದೆ. ಅಂದರೆ ₹25ರವರೆಗೂ ಕೀಳಬಹುದು.

ಇನ್ನು ವೇಗ. ₹500ರ ಪಣ, ರೂಲೆಟ್ ಗಂಟೆಗೆ 40 ಸುತ್ತು ಎಂದಿಟ್ಟುಕೊಂಡರೆ ಖರ್ಚು ₹540. ಬ್ಯಾಕರಾ 70 ಕೈ ನಡೆದರೂ ₹371. ಬ್ಲ್ಯಾಕ್‌ಜಾಕ್ ಅಷ್ಟೇ ಕೈಗೆ ₹175. ಅಂದರ್ ಬಾಹರ್‌ನ ಅಗ್ಗದ ಬದಿಯಲ್ಲಿ 40 ಆಟಕ್ಕೆ ₹430. ಡ್ರ್ಯಾಗನ್ ಟೈಗರ್ ಎರಡೇ ಎಲೆಯ ಆಟವಾದ್ದರಿಂದ ನೂರು ಸುತ್ತು ದಾಟುವುದು ಸಲೀಸು: ₹1,865. ಸ್ಲಾಟ್‌ನಲ್ಲಿ ಪಣ ಬರೀ ₹50 ಇರಲಿ, ಗಂಟೆಗೆ 600 ಸಲ ಗುಂಡಿ ಒತ್ತಿ ನೂರಕ್ಕೆ ₹8 ಹೋದರೂ ₹2,400.

ಇಷ್ಟೆಲ್ಲ ಪೈಸೆ ಎಣಿಸಿದ ಮೇಲೆ ಕ್ಯಾಶ್ ಕೌಂಟರಿನಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಚಿಪ್ ಕೊಳ್ಳುವ ಮೊತ್ತದ ಮೇಲೆ 2023ರ ಅಕ್ಟೋಬರ್ 1ರಿಂದ ಶೇ 28 ಇದ್ದ ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ ಶೇ 40. ಗೆದ್ದ ಚಿಪ್‌ಗಳನ್ನು ಮತ್ತೆ ಕಟ್ಟುವಾಗ ತೆರಿಗೆ ಬೀಳುವುದಿಲ್ಲ. ₹10,000ದ ಚಿಪ್‌ಗೆ ತೆರಿಗೆ ಪೂರ್ತಿ ನಿಮ್ಮ ತಲೆಗೇ ಬಂದರೆ ₹4,000. ರೂಲೆಟ್‌ನಲ್ಲಿ ಅಷ್ಟು ಕಳೆಯಲು ₹500ರಂತೆ ಸುಮಾರು 296 ಸುತ್ತು, ಅಂದರೆ ಏಳು ಗಂಟೆಗೂ ಹೆಚ್ಚು ಹೊತ್ತು ಆಡಬೇಕು. ಗೆಲುವಿನ ಮೇಲಿನ ಆದಾಯ ತೆರಿಗೆ ಶೇ 30 ಬೇರೆ, ಸೋಲನ್ನು ಅದರಲ್ಲಿ ಕಳೆಯುವಂತಿಲ್ಲ.

ಪ್ರವೇಶದ ಪ್ಯಾಕೇಜಿನಲ್ಲಿ ಒಂದೇ ಸಲ ಆಡಬಹುದಾದ ಓಟಿಪಿ (ಒನ್ ಟೈಮ್ ಪ್ಲೇ) ಚಿಪ್ ಕೊಟ್ಟಿದ್ದರೆ ಲೆಕ್ಕ ತಲೆಕೆಳಗು. ಗೆದ್ದರೂ ಸೋತರೂ ಆ ಚಿಪ್ ಅವರೇ ತೆಗೆದುಕೊಳ್ಳುತ್ತಾರೆ, ಗೆದ್ದ ಮೊತ್ತ ಮಾತ್ರ ನಿಮ್ಮದು. ₹100ರ ಓಟಿಪಿ ಚಿಪ್ಪನ್ನು ಕೆಂಪಿಗೆ ಇಟ್ಟರೆ ಅದರ ಸರಾಸರಿ ಬೆಲೆ ₹48.65. ಒಂದೇ ಅಂಕಿಗೆ ಇಟ್ಟರೆ ₹94.59. ಬಹುತೇಕ ಸಲ ಬರಿಗೈಯೇ, ಆದರೂ ಪುಕ್ಕಟೆ ಚಿಪ್‌ಗೆ ಅದೇ ಸರಿಯಾದ ಜಾಗ. ಕಟ್ಟಿದಷ್ಟೇ ಕೊಡುವ ಪಣಕ್ಕೆ ಮಾತ್ರ ಎಂಬ ಷರತ್ತು ಇದೆಯೇ ಎಂದು ಡೀಲರ್‌ನನ್ನು ಮೊದಲೇ ಕೇಳಿಕೊಳ್ಳಿ.

ಊರ ಕಡೆ ತೋಟದಲ್ಲಿ ನಡೆಯುವ ಅಂದರ್ ಬಾಹರ್‌ನ ಲೆಕ್ಕ ಇದಕ್ಕಿಂತ ಕಡು. ಎರಡೂ ಕಡೆಗೆ ಸಮ ಕೊಟ್ಟು, ಗೆದ್ದವರಿಂದ ನೂರಕ್ಕೆ ಹತ್ತು ಆಡಿಸುವವನು ಹಿಡಿದರೆ, ಮೊದಲ ಎಲೆಯ ಕಡೆಯವರಿಗೆ ಪಣಜಿಯಷ್ಟೇ, ₹2.15. ಇನ್ನೊಂದು ಕಡೆಯವರಿಗೆ ₹7.85. ಅದರ ಮೇಲೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ. ದಾಳಿಯಾದರೆ ಕಣದಲ್ಲಿರುವ ಹಣವೆಲ್ಲ ಜಪ್ತಿ, ಯಾವ ಕಡೆಗೆ ಕಟ್ಟಿದ್ದರೂ.