ಸ್ಯಾಂಪಲ್ ಕೊಟ್ಟ ಹೊತ್ತು, ಪರೀಕ್ಷೆ ಆದ ಹೊತ್ತು

ಕುಶಾಲನಗರದ ಬಸ್ ನಿಲ್ದಾಣದ ಹತ್ತಿರ ಆ ಬ್ಯಾನರ್ ಮತ್ತೆ ಕಟ್ಟಿದ್ದಾರೆ. ‘ಮಕ್ಕಳಿಲ್ಲದ ದಂಪತಿಗಳಿಗೆ ಉಚಿತ ತಪಾಸಣಾ ಶಿಬಿರ’. ಅದೇ ಗುಲಾಬಿ ಬಣ್ಣ, ಅದೇ ನಗುವ ಮಗು. ಹೋದ ವರ್ಷ ಜನವರಿಯಲ್ಲಿ ಅದನ್ನು ನೋಡಿಯೇ ನಾವು ಹೋಗಿದ್ದು. ಹೋಗಿ ಸಿಕ್ಕಿಹಾಕಿಕೊಂಡಿದ್ದು. ಅವರ ಹೆಸರು ಇಲ್ಲಿ ಹಾಕುವುದಿಲ್ಲ, ವಿಷಯ ಇನ್ನೂ ಬಗೆಹರಿದಿಲ್ಲ. ಆದರೆ ನಡೆದದ್ದನ್ನು ಹೇಳದೆ ಇರಲೂ ಆಗುತ್ತಿಲ್ಲ.

ನಮ್ಮ ಮನೆ ಮಾದಾಪುರದಿಂದ ಇನ್ನೂ ಒಳಗೆ. ಮದುವೆಯಾದಾಗ ನನಗೆ 36, ನಮ್ಮವರಿಗೆ 41. 2018ರ ಆಗಸ್ಟ್ ಮಳೆಗೆ ತೋಟದ ಒಂದು ಬದಿಯೇ ಜರಿದು ಹೋಗಿತ್ತು. ಆ ಸಾಲ, ಆಮೇಲೆ ನಾದಿನಿಯ ಮದುವೆ, ಹೀಗೆ ಅವರದ್ದು ತಡವಾಯಿತು. ನನ್ನದು ತಡವಾಗಿದ್ದಕ್ಕೆ ಬೇರೆ ಕಾರಣ, ಅದು ಇಲ್ಲಿ ಬೇಡ. ಎಂಟು ತಿಂಗಳು ನೋಡಿದೆವು, ಗರ್ಭ ನಿಲ್ಲಲಿಲ್ಲ. ಪರೀಕ್ಷೆಗೆ ಹೋದದ್ದು ತಪ್ಪು ಅಂತ ನಾನು ಈಗಲೂ ಹೇಳುವುದಿಲ್ಲ. ಹೆಂಗಸಿಗೆ 35 ದಾಟಿದ್ದರೆ ಆರು ತಿಂಗಳಾದ ಮೇಲೆ ಡಾಕ್ಟರನ್ನು ಕಾಣಬೇಕು. 40 ದಾಟಿದ್ದರೆ ಅಷ್ಟೂ ಕಾಯಬಾರದು. ನಾವು ತಪ್ಪಿದ್ದು ಬೇರೆ ಕಡೆ.

ಶಿಬಿರ ಒಂದು ಸಣ್ಣ ಹಾಲ್‌ನಲ್ಲಿ. ಕೊರಳಿಗೆ ಟ್ಯಾಗ್ ಹಾಕಿಕೊಂಡ ಹುಡುಗಿಯೊಬ್ಬಳು ನಮ್ಮನ್ನು ಕೂರಿಸಿ ವಯಸ್ಸು ಕೇಳಿದಳು. ‘ಅಯ್ಯೋ ಮೇಡಂ, ಇಷ್ಟು ತಡ ಮಾಡಿದ್ದೀರಾ?’ ಅಂದಳು. ಅಲ್ಲಿಗೆ ನನ್ನ ಧೈರ್ಯ ಅರ್ಧ ಹೋಯಿತು. ಉಚಿತ ಅಂದರೆ ಆ ಮಾತುಕತೆ ಮಾತ್ರ. ಪರೀಕ್ಷೆಗಳ ಪ್ಯಾಕೇಜ್ 14,800 ರೂಪಾಯಿ, 23 ಪರೀಕ್ಷೆ, ‘ಇವತ್ತೇ ಬುಕ್ ಮಾಡಿದರೆ’ ರಿಯಾಯಿತಿ. ಡಾಕ್ಟರ್ ಎಲ್ಲಿ ಅಂತ ಕೇಳಿದ್ದಕ್ಕೆ ‘ರಿಪೋರ್ಟ್ ಬಂದ ಮೇಲೆ ವಿಡಿಯೋದಲ್ಲಿ ಬರ್ತಾರೆ’ ಅಂದಳು. ಮುಟ್ಟು ಯಾವತ್ತು ಆಯಿತು, ಎಷ್ಟು ದಿನಕ್ಕೊಮ್ಮೆ ಆಗುತ್ತದೆ, ಇವರಿಗೆ ಇತ್ತೀಚೆಗೆ ಜ್ವರ ಬಂದಿತ್ತಾ, ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ, ಒಂದನ್ನೂ ಯಾರೂ ಕೇಳಲಿಲ್ಲ. ಮಾರನೇ ದಿನ ಮಡಿಕೇರಿಯ ಕಲೆಕ್ಷನ್ ಸೆಂಟರ್‌ಗೆ ಬನ್ನಿ ಅಂದರು, ಹೋದೆವು.

ನನ್ನಿಂದ ಆರು ಟ್ಯೂಬ್ ರಕ್ತ ತೆಗೆದರು. ಇವರ ವೀರ್ಯದ ಸ್ಯಾಂಪಲ್‌ಗೆ ಅಲ್ಲಿ ಬೇರೆ ಕೋಣೆ ಇರಲಿಲ್ಲ. ಟಾಯ್ಲೆಟ್ ತೋರಿಸಿದರು, ಹೊರಗೆ ಎಂಟು ಜನ ಸಾಲಿನಲ್ಲಿ ಕೂತಿದ್ದರು. ಆ ಮುಜುಗರ ಅವರೇ ಹೇಳಬೇಕು, ನಾನು ಹೇಳಿದರೆ ಚೆನ್ನಾಗಿರಲ್ಲ. ಡಬ್ಬಿಯನ್ನು ರಕ್ತದ ಟ್ಯೂಬುಗಳ ಜೊತೆ ಐಸ್ ಪ್ಯಾಕ್ ಇದ್ದ ಪೆಟ್ಟಿಗೆಗೆ ಹಾಕಿದ್ದನ್ನು ನಾನೇ ನೋಡಿದೆ. ಮಧ್ಯಾಹ್ನದ ಗಾಡಿಗೆ ಮೈಸೂರಿಗೆ ಹೋಗುತ್ತದೆ ಅಂದರು. ಇಲ್ಲಿಂದ ಮೈಸೂರು ಹತ್ತಿರ ಹತ್ತಿರ 120 ಕಿಲೋಮೀಟರ್. ಆಗ ತಲೆಗೆ ಏನೂ ಹೊಳೆಯಲಿಲ್ಲ. ರಕ್ತ ಹೋಗುತ್ತದಲ್ಲ, ಇದೂ ಹಾಗೇ ಅಂದುಕೊಂಡೆ.

ನಾಲ್ಕು ದಿನಕ್ಕೆ ರಿಪೋರ್ಟ್ ಮೊಬೈಲಿಗೆ ಬಂತು. ಅದರ ಹಿಂದೆಯೇ ಫೋನ್. ‘ಮೇಡಂ, ನಿಮ್ಮ ಎಫ್.ಎಸ್.ಎಚ್. 15.8 ಇದೆ, ಎ.ಎಂ.ಎಚ್. 1.3 ಅಷ್ಟೇ. ಮೊಟ್ಟೆ ಮುಗಿಯುತ್ತಾ ಬಂದಿದೆ. ಸರ್‌ದು ಇನ್ನೂ ಕಷ್ಟ, ವೀರ್ಯಾಣುಗಳ ಚಲನೆ ಬರೀ 6%. ಸಹಜವಾಗಿ ಆಗಲ್ಲ. ಈ ತಿಂಗಳೇ ಐ.ವಿ.ಎಫ್. ಶುರು ಮಾಡಿದರೆ ಒಳ್ಳೆಯದು. 50,000 ಕಟ್ಟಿದರೆ ಸ್ಲಾಟ್ ಹಿಡಿದಿಡ್ತೀವಿ.’ ಮೊದಲಿನ ಎರಡು ರಕ್ತದಲ್ಲಿ ನೋಡುವ ಹಾರ್ಮೋನುಗಳು. ಐ.ವಿ.ಎಫ್. ಅಂದರೆ ಮೊಟ್ಟೆ ಮತ್ತು ವೀರ್ಯಾಣುವನ್ನು ಲ್ಯಾಬಿನಲ್ಲಿ ಸೇರಿಸಿ ಮಾಡುವ ಚಿಕಿತ್ಸೆ. ವಿಡಿಯೋದ ಡಾಕ್ಟರ್ ಐದು ನಿಮಿಷ ಬಂದರು. ಆ ಹುಡುಗಿ ಹೇಳಿದ್ದನ್ನೇ ಹೇಳಿ ಹೋದರು.

ಆ ವರ್ಷ ಅರೇಬಿಕಾ ಮಾರಿ ಬಂದ ದುಡ್ಡು ಮನೆಯಲ್ಲಿತ್ತು. ಕಟ್ಟಿಬಿಟ್ಟೆವು.

ಇವರು ಮಾತು ಬಿಟ್ಟರು. ಕಾಫಿ ಒಣಗಲು ಹಾಕಿದ ಕಣದಲ್ಲೇ ರಾತ್ರಿ ಮಲಗಲು ಶುರು ಮಾಡಿದರು. ಕಳ್ಳರ ಕಾಟ ಅಂತ ನೆಪ. ಅತ್ತೆಗೆ ಏನೂ ಹೇಳಿರಲಿಲ್ಲ, ಅವರು ‘ಚಳಿಗೆ ಅವನ್ಯಾಕೆ ಅಲ್ಲಿ ಮಲಗ್ತಾನೆ?’ ಅಂತ ನನ್ನನ್ನೇ ಕೇಳುವರು. ಸುಮ್ನೆ ಒಂದು ಕಾಗದ ಒಂದು ಮನೆಯನ್ನು ಹೀಗೆ ಮಾಡಬಹುದು ಅಂತ ನನಗೆ ಗೊತ್ತಿರಲಿಲ್ಲ.

ನಮ್ಮೂರಿನ ಆಶಾ ಕಾರ್ಯಕರ್ತೆ ಅಕ್ಕ ಒಬ್ಬರಿದ್ದಾರೆ. ನನ್ನ ಮುಖ ನೋಡಿಯೇ ವಿಷಯ ಕೇಳಿದರು. ‘ಅಲ್ಲ ಮಾರಾಯ್ತಿ, ಮೊದಲು ಮಡಿಕೇರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಸಲ ತೋರಿಸಬಾರದಾ?’ ಅಂದರು. ಮೆಡಿಕಲ್ ಕಾಲೇಜು ಆದಮೇಲೆ ಅಲ್ಲಿ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದಲ್ಲಿ ಡಾಕ್ಟರುಗಳಿದ್ದಾರೆ. ಎರಡು ಗಂಟೆ ಕಾದೆವು. ಒಳಗೆ ಹೋದ ಮೇಲೆ ಆ ಡಾಕ್ಟರಮ್ಮ ರಿಪೋರ್ಟ್ ಪಕ್ಕಕ್ಕಿಟ್ಟು ಮೊದಲು ಕೇಳಿದ್ದು, ‘ಈ ರಕ್ತ ತೆಗೆದದ್ದು ಮುಟ್ಟಾಗಿ ಎಷ್ಟನೇ ದಿನಕ್ಕಮ್ಮ?’

ಲೆಕ್ಕ ಹಾಕಿದೆ. 14ನೇ ದಿನ.

ಎಫ್.ಎಸ್.ಎಚ್. ನೋಡಬೇಕಾದದ್ದು ಮುಟ್ಟಿನ ಎರಡನೇ ಅಥವಾ ಮೂರನೇ ದಿನ. ತಿಂಗಳ ನಡುವೆ ಮೊಟ್ಟೆ ಹೊರಬರುವ ಹೊತ್ತಿಗೆ ಅದು ಎಲ್ಲರಿಗೂ ಏರುತ್ತದೆ. ಮೊಟ್ಟೆ ಹೊರಬರುವಂತೆ ಮಾಡುವ ಇನ್ನೊಂದು ಹಾರ್ಮೋನು ಎಲ್.ಎಚ್. ಸಹ ನನಗೆ ಅವತ್ತು 41 ಇತ್ತು, ಅದೂ ಆ ಏರಿಕೆಯದ್ದೇ. ಅಂದರೆ ಮೊಟ್ಟೆ ಮುಗಿಯಿತು ಅಂತ ಅವರು ಹೇಳಿದ ರಕ್ತ, ಮೊಟ್ಟೆ ಹೊರಬರುವ ಹೊತ್ತಿನ ರಕ್ತ! ರಿಪೋರ್ಟಿನ ಕೆಳಗೆ ತಿಂಗಳ ಯಾವ ಭಾಗಕ್ಕೆ ಎಷ್ಟು ಇರಬೇಕು ಅಂತ ಮೂರು ಸಾಲು ಅಚ್ಚಾಗಿದೆ. ನೋಡುವವರು ತಪ್ಪು ಸಾಲು ನೋಡಿದ್ದರು.

ಎ.ಎಂ.ಎಚ್. ಬಗ್ಗೆ ಕೇಳಿದೆ. 37ಕ್ಕೆ 1.3 ಕಡಿಮೆಯ ಕಡೆಗಿದೆ, ಗಾಬರಿಯಾಗುವಷ್ಟಲ್ಲ ಅಂದರು. ಅಂಡಾಶಯದಲ್ಲಿ ಉಳಿದಿರುವ ಮೊಟ್ಟೆಗಳ ಅಂದಾಜು ಮಾತ್ರ ಅದರಿಂದ ಸಿಗುತ್ತದೆ, ಅವುಗಳ ಗುಣ ಗೊತ್ತಾಗುವುದಿಲ್ಲ. ಐ.ವಿ.ಎಫ್. ಇಂಜೆಕ್ಷನ್‌ಗೆ ಎಷ್ಟು ಮೊಟ್ಟೆ ಬರಬಹುದು ಅಂತ ಊಹಿಸಲು ಅದು ಉಪಯೋಗ. 2017ರಲ್ಲಿ ಅಮೆರಿಕದಲ್ಲಿ ಬಂಜೆತನದ ತೊಂದರೆ ಇಲ್ಲದ 30ರಿಂದ 44 ವರ್ಷದ ಹೆಂಗಸರನ್ನು ನೋಡಿದಾಗ, ಅದು ಕಡಿಮೆ ಇದ್ದವರಿಗೂ ಸಹಜವಾಗಿ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆಯಾಗಿರಲಿಲ್ಲವಂತೆ. ಹಾಗಂತ ವಯಸ್ಸು ಲೆಕ್ಕಕ್ಕಿಲ್ಲ ಅಂತಲ್ಲ, ಅದನ್ನೂ ಅವರು ನೇರವಾಗಿಯೇ ಹೇಳಿದರು.

ಆಮೇಲೆ ಇವರ ರಿಪೋರ್ಟ್ ತೆಗೆದು ಪೆನ್ನಿನಿಂದ ಎರಡು ಕಡೆ ಸುತ್ತು ಹಾಕಿದರು. ಸ್ಯಾಂಪಲ್ ಕೊಟ್ಟ ಹೊತ್ತು ಬೆಳಿಗ್ಗೆ 9.10. ಪರೀಕ್ಷೆ ಮಾಡಿದ ಹೊತ್ತು ಸಂಜೆ 4.35. ಇದನ್ನು ಒಂದು ಗಂಟೆಯೊಳಗೆ ನೋಡಬೇಕು, ಐಸ್ ತಾಗಿಸಬಾರದು, ಮೈಯ ಬಿಸಿಯಲ್ಲೇ ಇಡಬೇಕು. ‘ಏಳು ಗಂಟೆ ಐಸ್‌ನಲ್ಲಿಟ್ಟರೆ ಯಾರದ್ದಾದರೂ ಹೀಗೇ ಬರುತ್ತದೆ’ ಅಂದರು. ಇವರು ಆ ಸುತ್ತುಗಳನ್ನೇ ನೋಡುತ್ತಾ ಕೂತರು.

ಇನ್ನೊಂದು ಮಾತು ಬಾಕಿ ಇತ್ತು. ನನ್ನ 23 ಪರೀಕ್ಷೆಗಳಲ್ಲಿ ನಿಜವಾಗಿ ಗಮನಿಸಬೇಕಾದದ್ದು ಒಂದೇ, ಥೈರಾಯ್ಡ್. ಅದನ್ನು ತಿಳಿಸುವ ಟಿ.ಎಸ್.ಎಚ್. ಹಾರ್ಮೋನು 6.8, ಇರಬೇಕಾದದ್ದಕ್ಕಿಂತ ಹೆಚ್ಚು. ಆ ಫೋನ್ ಮಾಡಿದವರು ಅದರ ಸುದ್ದಿಯನ್ನೇ ಎತ್ತಿರಲಿಲ್ಲ, ಯಾಕೆಂದರೆ ಅದಕ್ಕೆ ಬೇಕಾದದ್ದು ಕಡಿಮೆ ದುಡ್ಡಿನ ಮಾತ್ರೆ. ಟಾರ್ಚ್ ಅಂತ ಒಂದು ಇತ್ತು, ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಲ್ಲ ಕೆಲವು ಸೋಂಕುಗಳ ಪರೀಕ್ಷೆ, ನನ್ನಂಥವರಿಗೆ ಅದರ ಅಗತ್ಯವೇ ಇರಲಿಲ್ಲವಂತೆ.

ಸ್ಯಾಂಪಲ್ ಮತ್ತೆ ಕೊಡಲು ಮೈಸೂರಿಗೇ ಹೋದೆವು. ಹಿಂದಿನ ರಾತ್ರಿ ನಾದಿನಿಯ ಮನೆಯಲ್ಲಿ ಉಳಿದುಕೊಂಡೆವು. ಲ್ಯಾಬಿನಲ್ಲೇ ಪ್ರತ್ಯೇಕ ಕೋಣೆ, ಅಲ್ಲೇ ಪರೀಕ್ಷೆ. ಚಲನೆ 46% ಬಂತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಪುಸ್ತಕದಲ್ಲಿ ಕೆಳಗಿನ ಮಿತಿ 42%. ಕೊಡುವ ಮೊದಲು ಎರಡರಿಂದ ಏಳು ದಿನ ದೂರ ಇರಬೇಕು ಅಂತ ಅಲ್ಲಿ ಬರೆದೇ ಕೊಟ್ಟರು. ಒಂದು ಸಲ ಕೆಟ್ಟದಾಗಿ ಬಂದರೂ ಅದೇ ಕೊನೆಯಲ್ಲ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು, ಆ ನಡುವೆ ಜೋರು ಜ್ವರ ಬಂದಿದ್ದರೂ ಸಂಖ್ಯೆ ಬೀಳುತ್ತದಂತೆ. ಇವರು ಅವತ್ತು ರಾತ್ರಿಯಿಂದ ಕಣ ಬಿಟ್ಟು ಒಳಗೆ ಮಲಗಿದರು.

ಆ ಬ್ಯಾನರ್ ನೋಡಿ ಹೋಗುವ ಮನಸ್ಸಿದ್ದರೆ ಒಂದು ಕೇಳಿಕೊಳ್ಳುತ್ತೇನೆ. ದುಡ್ಡು ಕೊಡುವ ಮೊದಲು ಸ್ಯಾಂಪಲ್ ಎಲ್ಲಿ, ಎಷ್ಟು ಹೊತ್ತಿಗೆ ಪರೀಕ್ಷೆ ಆಗುತ್ತದೆ ಅಂತ ಬಾಯಿಬಿಟ್ಟು ಕೇಳಿ. ನಮ್ಮ ಜಿಲ್ಲೆಯಿಂದ ಎಲ್ಲವೂ ಘಟ್ಟ ಇಳಿದೋ ಬಯಲಿಗೋ ಹೋಗುತ್ತದೆ, ಅದಕ್ಕೇ ಇದು ನಮಗೆ ಜಾಸ್ತಿ ಅನ್ವಯಿಸುತ್ತದೆ. ಐ.ವಿ.ಎಫ್. ಮಾತು ಬಂದರೆ ನೋಂದಣಿ ಸಂಖ್ಯೆ ಕೇಳಿ. 2021ರ ಕಾನೂನಿನ ಪ್ರಕಾರ ಅಂಥ ಕ್ಲಿನಿಕ್‌ಗಳು ನೋಂದಣಿ ಮಾಡಿಸಲೇಬೇಕು. ನಾನು ಕೇಳಿದಾಗ ಆ ಕಡೆಯಿಂದ ಫೋನ್ ಕಟ್ ಆಯಿತು.

50,000ದಲ್ಲಿ 32,000 ವಾಪಸ್ ಬಂತು, ಅದೂ 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸಿದ ಮೇಲೆ. ಉಳಿದದ್ದು ‘ಫೈಲ್ ಚಾರ್ಜ್’ ಅಂತೆ. ಪ್ಯಾಕೇಜಿನ ದುಡ್ಡು ಪೂರ್ತಿ ಹೋಯಿತು. ಈಗ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ಸಿದ್ಧ ಮಾಡಿದ್ದೇವೆ. ಜೊತೆಗೆ ಇಟ್ಟಿರುವುದು ಆ ರಿಪೋರ್ಟ್. 9.10 ಮತ್ತು 4.35ಕ್ಕೆ ಡಾಕ್ಟರಮ್ಮ ಹಾಕಿದ ನೀಲಿ ಸುತ್ತು ಹಾಗೇ ಇದೆ.