ನಾಟ್‌ವೀಡ್: ಔಷಧಿ ಹೊಡೆಸೋದಾ, ಅಗೆಸೋದಾ?

ಇಂಗ್ಲೆಂಡಿನ ಮನೆ ಹಿತ್ತಲಲ್ಲಿ ಜಪಾನೀಸ್ ನಾಟ್‌ವೀಡ್ ಎಂಬ ಹಠಮಾರಿ ಕಳೆ ಎದ್ದಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಖರ್ಚು ನೋಡಿದರೆ ಗ್ಲೈಫೋಸೇಟ್ ಎಂಬ ಕಳೆನಾಶಕ ಹೊಡೆಸುವುದೇ ಅಗ್ಗ. ಅಗೆಸಿದರೆ ಮಣ್ಣು ಸಾಗಿಸುವುದಕ್ಕೇ ದುಡ್ಡು ಜಾಸ್ತಿ. ಅದನ್ನು ಪರವಾನಗಿ ಇರುವ ಜಾಗಕ್ಕೇ ಒಯ್ಯಬೇಕು.

ಔಷಧಿಗೆ ಕೆಲವು ವರ್ಷ ಹಿಡಿಯುತ್ತದೆ. ಬೇಸಿಗೆ ಮುಗಿಯುವಾಗ ಎಲೆಯ ಸತ್ವ ಬೇರಿಗೆ ಇಳಿಯುತ್ತದೆ, ಆಗ ಹೊಡೆದರೆ ಚೆನ್ನಾಗಿ ನಾಟುತ್ತದೆ. ಆದರೂ ಬೇರು ನೆಲದೊಳಗೆ ಸುಮ್ನೆ ಮಲಗಿರಬಹುದು. ಅಗೆಯುವ ಕೆಲಸ ಬೇಗ ಮುಗಿಯುತ್ತದೆ. ಆದರೆ ಮುರಿದರೆ ಒಳಗೆ ಕಿತ್ತಳೆ ಬಣ್ಣ ಕಾಣುತ್ತದಲ್ವಾ, ಆ ಬೇರಿನ ಉಗುರಿನಷ್ಟು ತುಂಡು ಉಳಿದರೂ ಮತ್ತೆ ಚಿಗುರುತ್ತದೆ. ದಯವಿಟ್ಟು ನೀವೇ ಗುದ್ದಲಿ ಹಿಡಿಯಬೇಡಿ.

ಅಲ್ಲೇ ವಾಸ ಮುಂದುವರಿಸುವವರಿಗೆ ಔಷಧಿ ಸಾಕು. ಆ ಜಾಗದಲ್ಲೇ ಕೋಣೆ ಕಟ್ಟಿಸುವುದಿದ್ದರೆ ಅಗೆಸಿ. ಮಾರುವುದಿದ್ದರೆ ಯಾವುದೇ ಮಾಡಿಸಿ, ವಿಮೆಯ ಬೆಂಬಲವಿರುವ ಗ್ಯಾರಂಟಿ ಪತ್ರ ಪಡೆಯಿರಿ. ಮನೆ ಮಾರುವವರು ಆಸ್ತಿಯ ವಿವರ ತುಂಬಿಕೊಡುವ ಟಿಎ6 ಫಾರ್ಮಿನಲ್ಲಿ ನಾಟ್‌ವೀಡ್ ಬಗ್ಗೆ ಕೇಳುತ್ತಾರೆ.